ಕ್ಲಾಂಡನ್ ಪಾರ್ಕ್: ಸುಟ್ಟ ಬಂಗಲೆಯನ್ನು ಮತ್ತೆ ಕಟ್ಟಬೇಕಾ, ಹಾಗೇ ಬಿಡಬೇಕಾ?

ಹೊರಗಿನಿಂದ ನೋಡಿದರೆ ಕ್ಲಾಂಡನ್ ಪಾರ್ಕ್ ಕಣ್ಣು ಸೆಳೆಯುವ ಮನೆಯೇನಲ್ಲ. ಕೆಂಪು ಇಟ್ಟಿಗೆಯ ಭಾರೀ ಕಟ್ಟಡ, ಅಲ್ಲಲ್ಲಿ ಒಂದಿಷ್ಟು ಕಲ್ಲಿನ ಕೆಲಸ, ಸಾಲು ಕಿಟಕಿ. ಅಷ್ಟೇ. ಇರುವುದು ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿ, ಗಿಲ್ಡ್‌ಫರ್ಡ್ ಪಟ್ಟಣದ ಪಕ್ಕದ ವೆಸ್ಟ್ ಕ್ಲಾಂಡನ್ ಎಂಬ ಹಳ್ಳಿಯಲ್ಲಿ. ಆದರೂ ಅಲ್ಲಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಅತಿ ಮೇಲಿನ ದರ್ಜೆ, ಅಂದರೆ ಗ್ರೇಡ್ ಒಂದು, ಸಿಕ್ಕಿದೆ. ಅದಕ್ಕೆ ಕಾರಣ ಇದ್ದದ್ದು ಬಾಗಿಲ ಒಳಗೆ. 2015ರ ಏಪ್ರಿಲ್ 29ರ ಸಂಜೆ ಹೊತ್ತಿದ ಬೆಂಕಿಗೆ ಆ ಒಳಗು ಬೆಳಗಾಗುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಟ್ಟಿತ್ತು.

ಹೊರಗೋಡೆಗಳು ನಿಂತಿವೆ. ಮನೆಯ ಒಡೆತನ ಪಾರಂಪರಿಕ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು. ವಿಮೆಯ ಹಣವೂ ಇತ್ತು. ಹಾಗಿದ್ದೂ ಅದೇ ಟ್ರಸ್ಟ್ ಆರು ವರ್ಷದ ಅಂತರದಲ್ಲಿ ಎರಡು ಬೇರೆ ಬೇರೆ ನಿರ್ಧಾರ ಪ್ರಕಟಿಸಿತು. ಮೊದಲನೆಯದು, ಮುಖ್ಯ ಕೋಣೆಗಳನ್ನು ಮೊದಲಿನಂತೆ ಕಟ್ಟುತ್ತೇವೆ ಎಂದು. ಎರಡನೆಯದು, ಸುಟ್ಟ ರೂಪದಲ್ಲೇ ಉಳಿಸುತ್ತೇವೆ ಎಂದು. ಎರಡಕ್ಕೂ ತೂಕದ ಕಾರಣಗಳಿವೆ. ಅವನ್ನು ಅಳೆಯಬೇಕಾದರೆ ಮೊದಲು ಈ ಮನೆ ಏನಾಗಿತ್ತು ಎಂದು ನೋಡಬೇಕು.

ಯಾರ ದುಡ್ಡು, ಯಾರ ಕೈ

ಆನ್‌ಸ್ಲೋ ಎಂಬ ಮನೆತನ ಇಲ್ಲಿನ ಜಮೀನನ್ನು ಕೊಂಡದ್ದು 1641ರಲ್ಲಿ. ರಾಜಕೀಯದಲ್ಲಿ ಮುಳುಗಿದ್ದ ಮನೆತನ ಅದು. ಬ್ರಿಟಿಷ್ ಸಂಸತ್ತಿನ ಕೆಳಮನೆಗೆ ಮೂವರು ಸ್ಪೀಕರ್‌ಗಳನ್ನು ಕೊಟ್ಟ ಕುಟುಂಬ ಇದೊಂದೇ. ಮೂವರಲ್ಲಿ ಹೆಸರಾದವರು ಆರ್ಥರ್ ಆನ್‌ಸ್ಲೋ. 1728ರಿಂದ 1761ರವರೆಗೆ, ಮೂವತ್ಮೂರು ವರ್ಷ, ಅದೇ ಕುರ್ಚಿಯಲ್ಲಿ ಕೂತಿದ್ದರು.

ಈಗಿನ ಮನೆಯನ್ನು 1730ರ ದಶಕದಲ್ಲಿ ಕಟ್ಟಿಸಿದವರು ಎರಡನೇ ಬ್ಯಾರನ್ ಥಾಮಸ್ ಆನ್‌ಸ್ಲೋ. ಹಣದ ದೊಡ್ಡ ಪಾಲು ಬಂದದ್ದು ಹೆಂಡತಿ ಎಲಿಜಬೆತ್ ನೈಟ್ ಕಡೆಯಿಂದ. ಆಕೆ ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದ ಕುಟುಂಬದ ಆಸ್ತಿಗೆ ವಾರಸುದಾರಳು. ಆ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಇದು ಇತ್ತೀಚೆಗೆ ಯಾರೋ ಕೆದಕಿ ತೆಗೆದ ಗುಟ್ಟಲ್ಲ, ಮನೆಯ ಇತಿಹಾಸದಲ್ಲಿ ಮೊದಲಿನಿಂದಲೂ ಇದ್ದ ಮಾತು. ಟ್ರಸ್ಟ್ ತನ್ನ ಮನೆಗಳಿಗೂ ಗುಲಾಮಗಿರಿ ಮತ್ತು ವಸಾಹತುಗಳಿಗೂ ಇರುವ ನಂಟಿನ ಬಗ್ಗೆ 2020ರಲ್ಲಿ ವರದಿ ತಂದ ಮೇಲೆ ಜನ ಸ್ವಲ್ಪ ಜಾಸ್ತಿ ಗಮನಿಸಿದರು, ಅಷ್ಟೇ.

ವಾಸ್ತುಶಿಲ್ಪಿ ಜಕೋಮೊ ಲಿಯೋನಿ, ವೆನಿಸ್‌ನವರು. 16ನೇ ಶತಮಾನದ ಇಟಲಿಯ ಮಹಾ ವಾಸ್ತುಶಿಲ್ಪಿ ಪಲ್ಲಾಡಿಯೊ ಬರೆದಿಟ್ಟ ಕಟ್ಟಡ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಚಿತ್ರಗಳ ಸಮೇತ ಪ್ರಕಟಿಸಿ ಇವರು ಹೆಸರು ಮಾಡಿದ್ದರು. ಆಗ ಇಂಗ್ಲೆಂಡಿನ ಶ್ರೀಮಂತರಿಗೆ ಪಲ್ಲಾಡಿಯೊ ಹುಚ್ಚು ಹಿಡಿದಿತ್ತು. ಅಳತೆ, ಅನುಪಾತ, ಎಡಬಲ ಸಮ. ಈ ಶೈಲಿಯಲ್ಲಿ ಮನೆಯ ಸೊಬಗು ಇರುವುದು ಮೇಲ್ಮೈ ಅಲಂಕಾರದಲ್ಲಿ ಅಲ್ಲ, ಕೋಣೆಯ ಉದ್ದ, ಅಗಲ, ಎತ್ತರಗಳ ಲೆಕ್ಕದಲ್ಲಿ.

ಕ್ಲಾಂಡನ್‌ನಲ್ಲಿ ಈ ಲೆಕ್ಕ ಎದ್ದು ಕಾಣುತ್ತಿದ್ದದ್ದು ಮಾರ್ಬಲ್ ಹಾಲ್ ಎಂಬ ಹಜಾರದಲ್ಲಿ. ಮುಂಬಾಗಿಲು ದಾಟಿದ ಕೂಡಲೇ ಸಿಗುವ ಕೋಣೆ ಅದು. ನಲವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ, ನಲವತ್ತು ಅಡಿ ಎತ್ತರ. ಎರಡು ಅಂತಸ್ತಿನ ಪೂರ್ತಿ ಎತ್ತರವನ್ನು ಒಂದೇ ಕೋಣೆಗೆ ಬಿಟ್ಟುಕೊಟ್ಟಿದ್ದರು. ಹೊರಗಿನ ಮಂಕು ಕೆಂಪು ಇಟ್ಟಿಗೆ ದಾಟಿ ಬಂದವರಿಗೆ ಇದ್ದಕ್ಕಿದ್ದಂತೆ ಬಿಳಿ ಬೆಳಕಿನ ದೊಡ್ಡ ಘನ ಎದುರಾಗುತ್ತಿತ್ತು. ಹೊರಗು ಸಪ್ಪೆಯಾಗಿದ್ದದ್ದರಿಂದಲೇ ಒಳಗಿನ ಬೆರಗು ಅಷ್ಟು ದೊಡ್ಡದಾಗಿತ್ತು ಎಂದು ನನ್ನ ಅನಿಸಿಕೆ.

ಆ ಹಜಾರದ ಚಾವಣಿಯ ಗಾರೆ ಕೆಲಸ ಆರ್ಟಾರಿ ಮತ್ತು ಬಾಗುಟ್ಟಿ ಎಂಬ ಕುಶಲಕರ್ಮಿಗಳದು ಎಂದು ಹೇಳುತ್ತಾರೆ. ಇಬ್ಬರೂ ಸ್ವಿಟ್ಜರ್ಲೆಂಡಿನ ಇಟಾಲಿಯನ್ ಮಾತನಾಡುವ ಟಿಚಿನೊ ಸೀಮೆಯವರು. ಆ ಸೀಮೆಯ ಗಾರೆ ಕೆಲಸದವರು ಆ ಕಾಲಕ್ಕೆ ಯುರೋಪಿನ ತುಂಬ ಊರಿಂದೂರಿಗೆ ಹೋಗಿ ಕೆಲಸ ಮಾಡುತ್ತಿದ್ದರು. ಅವರದ್ದು ಅಚ್ಚಿಗೆ ಸುರಿದು ತೆಗೆಯುವ ಕೆಲಸವಲ್ಲ. ಸುಣ್ಣದ ಗಾರೆಯನ್ನು ಪದರ ಪದರವಾಗಿ ಹಚ್ಚಿ, ಅದು ಹಸಿಯಾಗಿರುವಾಗಲೇ ಕೈಯಿಂದ, ಸಣ್ಣ ಕರಣೆಯಿಂದ ಮೂರ್ತಿ ಮೂಡಿಸುವುದು. ಅಟ್ಟಣೆ ಮೇಲೆ ಕತ್ತೆತ್ತಿ ನಿಂತು, ಗಾರೆ ಗಟ್ಟಿಯಾಗುವ ಮೊದಲು ಮುಗಿಸಬೇಕು. ತಪ್ಪಿದರೆ ಕೆರೆದು ತೆಗೆದು ಮತ್ತೆ ಶುರು. ಕ್ಲಾಂಡನ್‌ನಲ್ಲಿ ನಡುವೆ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್ ಇದ್ದ. ಅಂಚಿನಲ್ಲಿದ್ದ ಕೆಲವು ಮೂರ್ತಿಗಳ ಕಾಲು ಚೌಕಟ್ಟು ದಾಟಿ ಹೊರಗೆ ಜೋತುಬಿದ್ದಿದ್ದವು, ಈಗ ಕೆಳಗೆ ಇಳಿದುಬಿಡುತ್ತಾರೇನೋ ಎನ್ನುವಂತೆ. ಕೆಳಗೆ ಗೋಡೆಯಲ್ಲಿ ಎರಡು ಅಮೃತಶಿಲೆಯ ಫೈರ್‌ಪ್ಲೇಸ್. ಅವುಗಳ ಮೇಲಿನ ಉಬ್ಬುಶಿಲ್ಪ ಕೆತ್ತಿದವರು ಮೈಕೇಲ್ ರಿಸ್‌ಬ್ರಾಕ್, ಆ ಕಾಲದ ಇಂಗ್ಲೆಂಡಿನಲ್ಲಿ ಮೊದಲ ಸಾಲಿನ ಶಿಲ್ಪಿ.

ನಡುವಿನ ಇನ್ನೂರು ವರ್ಷ

1770ರ ದಶಕದ ಕೊನೆಯಲ್ಲಿ ಸುತ್ತಲಿನ ಉದ್ಯಾನವನ್ನು ಆ ಕಾಲದ ಹೆಸರಾಂತ ಉದ್ಯಾನ ವಿನ್ಯಾಸಕ ‘ಕೇಪಬಿಲಿಟಿ’ ಬ್ರೌನ್ ಹೊಸದಾಗಿ ರೂಪಿಸಿದರು. 19ನೇ ಶತಮಾನದಲ್ಲಿ ಹಲವು ದಶಕ ಮನೆ ಪಾಳು. ಮನೆತನಕ್ಕೆ ಆಮೇಲೆ ಬ್ಯಾರನ್‌ಗಿಂತ ಮೇಲಿನ ಅರ್ಲ್ ಎಂಬ ಬಿರುದು ಸಿಕ್ಕಿತ್ತು, ಮೂರನೇ ಅರ್ಲ್ ಅಲ್ಲಿ ವಾಸವೇ ಇರಲಿಲ್ಲ. 1870ರಲ್ಲಿ ಆಸ್ತಿ ಕೈಗೆ ಬಂದ ನಾಲ್ಕನೇ ಅರ್ಲ್ ಮತ್ತೆ ದೀಪ ಹಚ್ಚಿದರು. ಮೊದಲ ಮಹಾಯುದ್ಧದಲ್ಲಿ ಮನೆ ಆಸ್ಪತ್ರೆಯಾಯಿತು, 5000ಕ್ಕೂ ಹೆಚ್ಚು ಗಾಯಾಳು ಸೈನಿಕರು ಇಲ್ಲಿ ಚಿಕಿತ್ಸೆ ಪಡೆದರು. ಎರಡನೇ ಯುದ್ಧದಲ್ಲಿ ಲಂಡನ್‌ನ ಸರ್ಕಾರಿ ದಾಖಲೆಗಳನ್ನು ಬಾಂಬಿನಿಂದ ಕಾಪಾಡಲು ಇಲ್ಲಿ ತಂದಿಟ್ಟರು. ಯುದ್ಧ ಮುಗಿದ ಮೇಲೆ ತೆರಿಗೆ, ಆಳುಕಾಳಿನ ಸಂಬಳ, ಚಾವಣಿ ರಿಪೇರಿ, ಎಲ್ಲ ಸೇರಿ ಇಂಥ ಮನೆಗಳನ್ನು ಮುಳುಗಿಸಿದವು. 20ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಕೆಡವಿದ ಬಂಗಲೆಗಳು ನೂರಾರು. ಕ್ಲಾಂಡನ್ ಉಳಿದದ್ದು ಕುಟುಂಬದ ಮಗಳು, ಐವಾ ಕೌಂಟೆಸ್ ಆಗಿದ್ದ ಗ್ವೆಂಡೊಲೆನ್, ಅದನ್ನು ಕೊಂಡು 1956ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟದ್ದರಿಂದ. ಕೊಟ್ಟದ್ದು ಮನೆ ಮತ್ತು ಸ್ವಲ್ಪ ತೋಟ ಮಾತ್ರ. ಸುತ್ತಲಿನ ದೊಡ್ಡ ಉದ್ಯಾನ ಆನ್‌ಸ್ಲೋ ಕುಟುಂಬದ ಬಳಿಯೇ ಉಳಿಯಿತು.

ಒಂದು ಉಪಕಥೆ ಬಿಡಲಾಗದು. ನಾಲ್ಕನೇ ಅರ್ಲ್ 1889ರಿಂದ 1892ರವರೆಗೆ ನ್ಯೂಜಿಲೆಂಡಿನ ಗವರ್ನರ್ ಆಗಿದ್ದರು. ವಾಪಸ್ ಬರುವಾಗ ಹಿನೆಮಿಹಿ ಎಂಬ, ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಸಭಾಗೃಹವನ್ನು ಐವತ್ತು ಪೌಂಡಿಗೆ ಕೊಂಡು, ಅದರ ಕೆತ್ತನೆಯ ಮರಗಳನ್ನು ಹಡಗಿಗೆ ಹಾಕಿಸಿದರು. 1886ರಲ್ಲಿ ತಾರಾವೆರಾ ಜ್ವಾಲಾಮುಖಿ ಸಿಡಿದಾಗ ಆ ಸಭಾಗೃಹದೊಳಗೆ ಹೊಕ್ಕ ಜನ ಬದುಕಿಕೊಂಡಿದ್ದರು. ಅದನ್ನು ಕ್ಲಾಂಡನ್‌ನ ತೋಟದಲ್ಲಿ ನಿಲ್ಲಿಸಿದರು. 2015ರಲ್ಲಿ ಎದುರಿನ ಬಂಗಲೆ ಉರಿಯುತ್ತಿದ್ದಾಗ ಈ ಮರದ ಮನೆಗೆ ಏನೂ ಆಗಲಿಲ್ಲ! ಅದರ ಕೆತ್ತನೆಗಳನ್ನು ಹುಟ್ಟೂರಿಗೆ ವಾಪಸ್ ಕಳಿಸಲು, ಬದಲಿಗೆ ಅಲ್ಲಿಂದ ಹೊಸ ಕೆತ್ತನೆಗಳನ್ನು ಪಡೆಯಲು ಟ್ರಸ್ಟ್ ಆಮೇಲೆ ಒಪ್ಪಿತು.

ಬೆಂಕಿ ಹೋದ ದಾರಿ

ಇನ್ನು ಅವಘಡ. ಸಂಜೆ ನಾಲ್ಕರ ಸುಮಾರಿಗೆ ನೆಲಮಾಳಿಗೆಯಲ್ಲಿ ಹೊಗೆ ಕಾಣಿಸಿತು. ಒಂದು ಕಪಾಟಿನೊಳಗಿದ್ದ ಎಲೆಕ್ಟ್ರಿಕಲ್ ಡಿಸ್ಟ್ರಿಬ್ಯೂಷನ್ ಬೋರ್ಡ್‌ನ ದೋಷದಿಂದ ಬೆಂಕಿ ಹೊತ್ತಿತ್ತು ಎಂದು ಅಗ್ನಿಶಾಮಕ ದಳ ಆಮೇಲೆ ಹೇಳಿತು. ಮನೆಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿದರು, ಒಬ್ಬರಿಗೂ ಪೆಟ್ಟಾಗಲಿಲ್ಲ. ಹದಿನಾರು ವಾಹನ, ಎಂಬತ್ತು ಮಂದಿ ಅಗ್ನಿಶಾಮಕ ಸಿಬ್ಬಂದಿ ಬಂದರು. ಸಿಬ್ಬಂದಿ ನೂರಾರು ವಸ್ತುಗಳನ್ನು ಹುಲ್ಲಿನ ಮೇಲೆ ತಂದಿಟ್ಟರು. ಆದರೆ ಮನೆಯನ್ನು ಉಳಿಸಲಾಗಲಿಲ್ಲ.

ಯಾಕೆ? ಇಲ್ಲೇ ಈ ಪ್ರಕರಣದ ತಿರುಳಿದೆ. ಬೆಂಕಿ ಕೆಳಗಿನಿಂದ ಮೇಲಕ್ಕೆ ಹೋಯಿತು, ಹೋದದ್ದು ಲಿಫ್ಟಿನ ಹಾದಿಯಲ್ಲಿ. ಹಳೆಯ ಮನೆಗಳಲ್ಲಿ ಆಮೇಲೆ ಸೇರಿಸಿದ ಲಿಫ್ಟ್, ಪೈಪು, ವೈರುಗಳೆಲ್ಲ ಅಂತಸ್ತಿನಿಂದ ಅಂತಸ್ತಿಗೆ ತೂತು ಮಾಡಿಕೊಂಡೇ ಹೋಗಿರುತ್ತವೆ. ಇದರ ಜೊತೆಗೆ ಕಟ್ಟುವಾಗಲೇ ಬಿಟ್ಟ ಪೊಳ್ಳುಗಳಿರುತ್ತವೆ. ನೆಲದ ಹಲಗೆಗೂ ಕೆಳಗಿನ ಚಾವಣಿಗೂ ನಡುವೆ ಜಾಗ. ಗೋಡೆಗೂ ಅದರ ಮೇಲಿನ ಮರದ ಹೊದಿಕೆಗೂ ನಡುವೆ ಜಾಗ. ಚಾವಣಿಯ ಗಾರೆ ನಿಂತಿರುವುದು ತೆಳು ಮರದ ಪಟ್ಟಿಗಳ ಮೇಲೆ, ಅವುಗಳ ಹಿಂದೆ ಮತ್ತೆ ಗಾಳಿ. ಹೆಚ್ಚುಕಡಿಮೆ ಮುನ್ನೂರು ವರ್ಷ ಒಣಗಿದ ಮರ, ಮೇಲೆ ಹೋಗಲು ದಾರಿ, ಸಾಕಷ್ಟು ಗಾಳಿ. ಇಡೀ ಮನೆ ಒಳಗಿನಿಂದ ಒಂದು ಒಲೆಯ ಹಾಗೆ ಕೆಲಸ ಮಾಡಿತು. ಚಾವಣಿ ಕುಸಿದು ಅಂತಸ್ತುಗಳ ಮೇಲೆ ಬಿತ್ತು, ಅಂತಸ್ತುಗಳು ನೆಲಮಾಳಿಗೆಗೆ ಬಿದ್ದವು.

ಪಾರಂಪರಿಕ ಪಟ್ಟಿಯ ಕಾನೂನು ಮಾಡುವ ಕೆಲಸ ಬೇರೆ. 1947ರ ಯೋಜನಾ ಕಾಯಿದೆಯಿಂದ ಬೆಳೆದ ವ್ಯವಸ್ಥೆ ಅದು. ಗ್ರೇಡ್ ಒಂದು, ಎರಡು-ಸ್ಟಾರ್, ಎರಡು ಎಂದು ಮೂರು ದರ್ಜೆ. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಶೇ. 2.5ರಷ್ಟು ಮಾತ್ರ ಗ್ರೇಡ್ ಒಂದು. ಪಟ್ಟಿಗೆ ಸೇರಿದ ಮನೆಯಲ್ಲಿ ಅದರ ಸ್ವರೂಪಕ್ಕೆ ಧಕ್ಕೆಯಾಗುವ ಯಾವ ಬದಲಾವಣೆ ಮಾಡಬೇಕಾದರೂ ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆ ಬೇಕು. ಮಾಲೀಕರು ಬೇಕಾಬಿಟ್ಟಿ ಒಡೆಯದಂತೆ, ಕೆಡವದಂತೆ ಇದು ತಡೆಯುತ್ತದೆ. ನೆಲದಡಿಯ ಪೊಳ್ಳು ಮುಚ್ಚು, ಅಂತಸ್ತುಗಳ ನಡುವೆ ಬೆಂಕಿ ತಡೆಯುವ ಗೋಡೆ ಹಾಕು ಎಂದು ಅದು ಹೇಳುವುದಿಲ್ಲ. ಅಂಥ ಕೆಲಸ ಮಾಡಲು ಹೊರಟರೆ ಹಳೆಯ ಹಲಗೆ ಎತ್ತಬೇಕು, ಗಾರೆಗೆ ಕೈ ಹಾಕಬೇಕು. ಅದಕ್ಕೂ ಒಪ್ಪಿಗೆ ಬೇಕು. ಹೀಗಾಗಿ ಮನುಷ್ಯನ ಕೈಯಿಂದ ಕಾಪಾಡಲು ಮಾಡಿದ ಪಟ್ಟಿ ಬೆಂಕಿಯ ಮುಂದೆ ಏನೂ ಮಾಡಲಾಗಲಿಲ್ಲ. ಮುಂದೆ ನಡೆದ ಚರ್ಚೆಯೆಲ್ಲ ಸುಟ್ಟ ಮೇಲೆ ಏನು ಮಾಡಬೇಕು ಎನ್ನುವುದರ ಸುತ್ತ. ಪೊಳ್ಳುಗಳ ಬಗ್ಗೆ ಅಷ್ಟು ಜೋರಾಗಿ ಯಾರೂ ಜಗಳ ಆಡಲಿಲ್ಲ.

ಬೆಂಕಿ ಆರಿದ ಮೇಲೆ ಉಳಿದದ್ದು ಇಷ್ಟು: ಹೊರಗೋಡೆಗಳು, ಒಳಗಿನ ದಪ್ಪ ಇಟ್ಟಿಗೆ ಗೋಡೆಗಳು, ಮಾರ್ಬಲ್ ಹಾಲ್‌ನ ಗೋಡೆಯಲ್ಲಿ ರಿಸ್‌ಬ್ರಾಕ್‌ನ ಫೈರ್‌ಪ್ಲೇಸ್‌ಗಳು. ಪೂರ್ತಿ ಕೋಣೆ ಎನ್ನುವಂತೆ ಉಳಿದದ್ದು ಒಂದೇ, ಸ್ಪೀಕರ್ಸ್ ಪಾರ್ಲರ್. ಅದರ ಚಾವಣಿಯ ಗಾರೆ ಕೂಡ ಜಾಗದಲ್ಲೇ ಇತ್ತು. ಹಜಾರದ ಹರ್ಕ್ಯುಲಿಸ್ ಚೂರಾಗಿದ್ದ. ಕಟ್ಟಡದಲ್ಲಿ ಸರ್ರೆಯ ಕಾಲ್ದಳಗಳ ಮ್ಯೂಸಿಯಂ ಒಂದಿತ್ತು. 1916ರ ಸೊಮ್ ಯುದ್ಧದ ಮೊದಲ ದಿನ ಈಸ್ಟ್ ಸರ್ರೆ ಸೈನಿಕರು ಶತ್ರುವಿನ ಕಡೆ ಒದೆಯುತ್ತ ಹೋದ ಫುಟ್‌ಬಾಲ್ ಅಲ್ಲಿತ್ತು. ಅದೂ ಹೋಯಿತು.

ಅಪ್‌ಪಾರ್ಕ್‌ನ ಹಳೆಯ ಉದಾಹರಣೆ

ಟ್ರಸ್ಟ್‌ಗೆ ಇದು ಮೊದಲ ಅನುಭವವಲ್ಲ. 1989ರ ಆಗಸ್ಟ್ 30ರಂದು ವೆಸ್ಟ್ ಸಸೆಕ್ಸ್‌ನ ಅಪ್‌ಪಾರ್ಕ್ ಎಂಬ ಬಂಗಲೆ ಸುಟ್ಟಿತ್ತು. 1690ರ ಸುಮಾರಿನ ಮನೆ. ಚಾವಣಿಯ ಸೀಸದ ತಗಡು ರಿಪೇರಿ ಮಾಡುತ್ತಿದ್ದ ಕೆಲಸಗಾರರ ಬೆಂಕಿ ಉಪಕರಣದಿಂದ ಮರಕ್ಕೆ ಕಿಡಿ ತಗುಲಿತು. ರಿಪೇರಿ ಇನ್ನೇನು ಮುಗಿಯುವುದರಲ್ಲಿತ್ತು.

ಆಗ ಟ್ರಸ್ಟ್ ಹಿಂದೆಮುಂದೆ ನೋಡಲಿಲ್ಲ. ಬೆಂಕಿಯ ಹಿಂದಿನ ದಿನ ಮನೆ ಹೇಗಿತ್ತೋ ಹಾಗೆ ಮಾಡುತ್ತೇವೆ ಎಂದಿತು. ಅವಶೇಷವನ್ನು ಚೌಕ ಚೌಕವಾಗಿ ಗುರುತು ಹಾಕಿ ಎತ್ತಿ, ಸಾವಿರಾರು ಕಸದ ಡಬ್ಬಿಗಳಲ್ಲಿ ತುಂಬಿ, ಜರಡಿ ಹಿಡಿದರು. ಚೂರು ಗಾರೆ, ಕರಟಿದ ಮರ, ಬಾಗಿಲಿನ ಹಿಡಿ, ಎಲ್ಲ ಹೆಕ್ಕಿದರು. ಅಚ್ಚಿಲ್ಲದೆ ಕೈಯಿಂದ ಸುಣ್ಣದ ಗಾರೆಯಲ್ಲಿ ಮೂರ್ತಿ ಮೂಡಿಸುವ ವಿದ್ಯೆ ಅಷ್ಟೊತ್ತಿಗೆ ಇಂಗ್ಲೆಂಡಿನಲ್ಲಿ ಬಹುತೇಕ ಮರೆತುಹೋಗಿತ್ತು. ಅಲ್ಲಿನ ಕೆಲಸಗಾರರು ಅದನ್ನು ಮತ್ತೆ ಕಲಿತರು. ಸುಮಾರು 2 ಕೋಟಿ ಪೌಂಡ್ ಖರ್ಚಾಯಿತು. 1995ರಲ್ಲಿ ಮನೆ ಮತ್ತೆ ತೆರೆಯಿತು.

ಹಾಗಾದರೆ ಕ್ಲಾಂಡನ್‌ಗೂ ಅದೇ ಮಾಡಬಹುದಿತ್ತಲ್ವಾ? ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಪ್‌ಪಾರ್ಕ್‌ನಲ್ಲಿ ಬೆಂಕಿ ಮೇಲಿನಿಂದ ಕೆಳಕ್ಕೆ ಬಂತು. ನಿಧಾನವಾಗಿ ಬಂತು. ಕೆಳ ಅಂತಸ್ತಿನ ಚಿತ್ರ, ಕುರ್ಚಿ, ಮೇಜುಗಳನ್ನು ಜನ ಸಾಲು ನಿಂತು ಹೊರಗೆ ಸಾಗಿಸಿದರು. ಕೆಳಗಿನ ಕೋಣೆಗಳ ಗೋಡೆ ಹೊದಿಕೆಯೂ ಸಾಕಷ್ಟು ಉಳಿಯಿತು. ಮತ್ತೆ ಕಟ್ಟಿದಾಗ ಹಳೆಯ ವಸ್ತುಗಳು ತಮ್ಮ ಹಳೆಯ ಜಾಗಕ್ಕೇ ಮರಳಿದವು. ಕ್ಲಾಂಡನ್‌ನಲ್ಲಿ ಬೆಂಕಿ ಹುಟ್ಟಿದ್ದೇ ಕೆಳಗೆ. ಹೊರತೆಗೆಯಲು ಸಮಯ ಕಡಿಮೆ, ಉಳಿದದ್ದೂ ಕಡಿಮೆ. ಬೆಂಕಿ ಯಾವ ಕಡೆಯಿಂದ ಬಂತು ಎನ್ನುವುದೇ ಎರಡು ಮನೆಗಳ ಹಣೆಬರಹ ಬರೆಯಿತು.

ಮನಸ್ಸು ಬದಲಾದದ್ದು

2016ರ ಜನವರಿಯಲ್ಲಿ ಟ್ರಸ್ಟ್ ಹೇಳಿದ್ದು ನಡುದಾರಿ. ಕೆಳ ಅಂತಸ್ತಿನ ಮುಖ್ಯ ಕೋಣೆಗಳನ್ನು, ಅಂದರೆ ಮಾರ್ಬಲ್ ಹಾಲ್, ಸಲೂನ್ ಎಂಬ ಅತಿಥಿಗಳ ದೊಡ್ಡ ಕೋಣೆ, ಸ್ಪೀಕರ್ಸ್ ಪಾರ್ಲರ್, ಮೊದಲಿನಂತೆ ಮಾಡುವುದು. ಮೇಲಿನ ಅಂತಸ್ತುಗಳಲ್ಲಿ ಹೊಸ ಗ್ಯಾಲರಿಗಳು. ವಾಸ್ತುಶಿಲ್ಪಿಗಳಿಗೆ ಸ್ಪರ್ಧೆ ಇಟ್ಟು, 2017ರಲ್ಲಿ ಆಲೀಸ್ ಅಂಡ್ ಮಾರಿಸನ್ ಸಂಸ್ಥೆಯನ್ನು ಆರಿಸಿದರು. ಆನ್‌ಸ್ಲೋ ಕುಟುಂಬದ ಈಗಿನ ಅರ್ಲ್ ಮಾತ್ರ ಮತ್ತೆ ಕಟ್ಟುವುದೇ ಬೇಡ ಎಂದಿದ್ದರು.

2022ರ ಜುಲೈನಲ್ಲಿ ಟ್ರಸ್ಟ್ ಬೇರೆ ದಾರಿ ಹಿಡಿಯಿತು. ಮನೆಯನ್ನು ಬಹುಪಾಲು ಈಗಿರುವ ಸ್ಥಿತಿಯಲ್ಲೇ ಗಟ್ಟಿ ಮಾಡಿ, ಮೇಲೆ ಚಾವಣಿ, ಒಳಗೆ ಓಡಾಡಲು ಎತ್ತರದ ನಡೆಹಾದಿ, ತುದಿಯಲ್ಲಿ ತಾರಸಿ. ಸ್ಪೀಕರ್ಸ್ ಪಾರ್ಲರ್ ಒಂದನ್ನು ಜತನ ಮಾಡುವುದು. ಅವರ ವಾದ ಹೀಗೆ: ಕಳೆದುಹೋದ ಗಾರೆಯನ್ನು ಮತ್ತೆ ಮಾಡಿದರೆ ಅದು ನಕಲು. ಆದರೆ ಹೊದಿಕೆ ಕಳಚಿದ ಗೋಡೆ ಈಗ ಹೇಳುವುದನ್ನು ಬೇರೆ ಯಾವ ಬಂಗಲೆಯೂ ಹೇಳಲಾರದು. ಇಟ್ಟಿಗೆ ಹೇಗೆ ಇಟ್ಟರು, ಗೋಡೆಯೊಳಗೆ ಮರದ ತೊಲೆ ಹೇಗೆ ಹೂತರು, ಹೊಗೆ ಕೊಳವೆ ಎಲ್ಲಿ ಹೋಯಿತು, ಎಲ್ಲ ಕಣ್ಣಿಗೆ ಕಾಣುತ್ತದೆ.

ಇದನ್ನು ಸುಮ್ನೆ ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ. ಹಳೆಯದನ್ನು ಹೊಸದಾಗಿ ಮಾಡಿ ಹಳೆಯದೆಂದು ತೋರಿಸಬೇಡಿ ಎನ್ನುವ ಮಾತು ಇಂಗ್ಲೆಂಡಿನಲ್ಲಿ ಹಳೆಯದು. ವಿಲಿಯಂ ಮಾರಿಸ್ 1877ರಲ್ಲಿ ಅದಕ್ಕಾಗಿಯೇ ಒಂದು ಸಂಘ ಕಟ್ಟಿದ್ದರು, ಅದು ಈಗಲೂ ಇದೆ. ಎದುರಿಗೆ ಜಾರ್ಜಿಯನ್ ಗ್ರೂಪ್‌ನಂಥ 18ನೇ ಶತಮಾನದ ಕಟ್ಟಡಗಳ ಪರ ನಿಲ್ಲುವವರು. ಈ ಮನೆಯ ಫೋಟೋ, ಅಳತೆ, ಹೆಕ್ಕಿದ ಚೂರು, ದುಡ್ಡು ಎಲ್ಲ ಇರುವಾಗ ಕಟ್ಟದಿರಲು ಕಾರಣವೇನು ಎನ್ನುವುದು ಅವರ ಪ್ರಶ್ನೆ.

ನನ್ನ ಮಟ್ಟಿಗೆ ಟ್ರಸ್ಟ್‌ನ ಹೊಸ ನಿರ್ಧಾರ ಮನೆಯ ಮುಕ್ಕಾಲು ಭಾಗಕ್ಕೆ ಸರಿ. ಮಲಗುವ ಕೋಣೆಗಳನ್ನು, ಮೇಲಂತಸ್ತನ್ನು ಮತ್ತೆ ಮಾಡಿ ಅಲ್ಲಿ ಬೇರೆಲ್ಲಿಂದಲೋ ತಂದ ಮಂಚ ಇಡುವುದರಲ್ಲಿ ಅರ್ಥವಿಲ್ಲ. ಬರಿಗೋಡೆ ನೋಡುವುದೇ ಹೆಚ್ಚು ಕುತೂಹಲದ್ದು. ಆದರೆ ಮಾರ್ಬಲ್ ಹಾಲ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಲಿಯೋನಿಯ ನಲವತ್ತು ಅಡಿಯ ಘನ ಇನ್ನೂ ನಿಂತಿದೆ. ನಾಲ್ಕು ಗೋಡೆಯ ಅಳತೆ ಹಾಗೇ ಇದೆ, ಫೈರ್‌ಪ್ಲೇಸ್‌ಗಳಿವೆ. ಇಲ್ಲದ್ದು ಬಿಳಿ ಗಾರೆ. ಅದಿಲ್ಲದೆ ಆ ಕೋಣೆ ಒಳಗೂ ಇಟ್ಟಿಗೆ, ಹೊರಗೂ ಇಟ್ಟಿಗೆ. ಇವೆರಡರ ನಡುವಿನ ಏರುಪೇರೇ ಈ ಮನೆಯ ವಾಸ್ತು. ಅದು ಪಾಳಿನಲ್ಲಿ ಕಾಣುವುದಿಲ್ಲ. ಜಮೈಕಾದ ಸಕ್ಕರೆ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಿದರೂ ಕೈ ತೋರಿಸಬೇಕಾದದ್ದು ಆ ಚಾವಣಿಯ ಕಡೆಗೇ.

ನಕಲು ಎನ್ನುವ ಆಕ್ಷೇಪಕ್ಕೂ ಉತ್ತರವಿದೆ. ಕೈಗೆಲಸದ ಗಾರೆಯನ್ನು ಅಚ್ಚು ಹೊಡೆದಂತೆ ನಕಲು ಮಾಡಲಾಗದು. ಇವತ್ತಿನ ಕುಶಲಕರ್ಮಿ ಅದೇ ಹರ್ಕ್ಯುಲಿಸ್‌ನನ್ನು ಮಾಡಿದರೂ ಅದು ಅವರದ್ದೇ ಹರ್ಕ್ಯುಲಿಸ್. ಹೊಸದು ಎಂದು ಪಕ್ಕದಲ್ಲಿ ಬರೆದಿಟ್ಟರೆ ಯಾರಿಗೂ ಮೋಸವಾಗದು. ಒಂದೇ ಕೋಣೆ ಆದ್ದರಿಂದ 2016ರ ಯೋಜನೆಯಷ್ಟು ಖರ್ಚೂ ಬರುವುದಿಲ್ಲ. ಸಮಯ ಮಾತ್ರ ಬೇಕು. ಅಪ್‌ಪಾರ್ಕ್‌ನಲ್ಲಿ ಕಲಿತವರಿಗೆ ಈಗ ವಯಸ್ಸಾಗಿದೆ, ಅವರ ಜೊತೆ ಅಟ್ಟಣೆ ಹತ್ತಿ ಹಸಿ ಗಾರೆಗೆ ಕೈ ಹಾಕುವ ಹುಡುಗರಿಗೆ ಇಷ್ಟು ದೊಡ್ಡ ಚಾವಣಿ ಬೇರೆ ಕಡೆ ಸಿಗುವುದು ಕಷ್ಟ.